ಸ್ಟೇರಿಂಗು ನಮ್ಮದು, ಆರ್.ಸಿ. ಯಾರದು?

(ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಸೇರಿದ್ದ ಹಾಸ್ಟೆಲ್ ವಿದ್ಯಾರ್ಥಿಗಳು ಮತ್ತು ಯುವಕರ ಮುಂದೆ ಲಾರಿ ಡ್ರೈವರೊಬ್ಬರು ಆಡಿದ ಮಾತು. ಮಾತಿನ ಧಾಟಿಯನ್ನು ಹೆಚ್ಚು ತಿದ್ದದೆ ಕೊಟ್ಟಿದ್ದೇವೆ.)

ನಾನು ಭಾಷಣ ಮಾಡೋನಲ್ಲ. ಹದಿನಾಲ್ಕು ವರ್ಷ ಲಾರಿ ಜೊತೆ ಬದುಕಿದೋನು. ಮೊದಲು ಕ್ಲೀನರ್, ಆಮೇಲೆ ಡ್ರೈವರ್. ಇವತ್ತು ನಿಮ್ಮ ಹತ್ತಿರ ಲೆಕ್ಕದ ಮಾತಾಡೋಣ ಅಂತ ಬಂದಿದ್ದೀನಿ. ಲೆಕ್ಕ ಅಂದ ಕೂಡಲೆ ಹಿಂದಿನ ಸಾಲಿನಲ್ಲಿ ಒಬ್ಬಿಬ್ಬರು ಆಕಳಿಸಿದ್ದು ಕಾಣಿಸ್ತು. ಆಕಳಿಸಿ, ಪರವಾಗಿಲ್ಲ. ಆದರೆ ಕಿವಿ ಇಲ್ಲೇ ಇರಲಿ.

ನಮ್ಮ ಅಪ್ಪಂದಿರು, ತಾತಂದಿರು ದುಡಿದರು. ಅವರ ದುಡಿಮೆಯ ಲೆಕ್ಕ ಬರೆಯುವ ಪುಸ್ತಕ ಮಾತ್ರ ಯಾವಾಗಲೂ ಇನ್ನೊಬ್ಬನ ಜಗುಲಿಯ ಮೇಲೆ ಇರುತ್ತಿತ್ತು. ಅವನು ಬರೆದದ್ದೇ ಸಾಲ, ಅವನು ಹೇಳಿದ್ದೇ ಬಡ್ಡಿ. ಈ ಸೀಮೆಯಲ್ಲಿ ಜೀತ ನಿಂತಿದ್ದೇ ಆ ಪುಸ್ತಕದ ಮೇಲೆ. 1976ರ ಕಾಯ್ದೆ ಜೀತವನ್ನು ರದ್ದು ಮಾಡಿತು. ಆ ಪುಸ್ತಕವನ್ನು ಯಾರೂ ರದ್ದು ಮಾಡಲಿಲ್ಲ. ಅದು ಜಗುಲಿಯಿಂದ ಎದ್ದು ಟ್ರಾನ್ಸ್‌ಪೋರ್ಟ್ ಆಫೀಸಿನ ಟೇಬಲ್ಲಿಗೆ ಬಂದು ಕೂತಿದೆ.

ಇಲ್ಲಿ ಕೂತಿರೋರಲ್ಲಿ ಯಾರ ಮನೇಲಿ ಒಬ್ಬ ಡ್ರೈವರ್ ಇದ್ದಾನೋ ಅವರು ಕೈ ಎತ್ತಿ. ನೋಡಿ, ಅರ್ಧಕ್ಕಿಂತ ಜಾಸ್ತಿ ಕೈ ಮೇಲಿವೆ. ಅಪ್ಪ, ಅಣ್ಣ, ಮಾವ, ಭಾವ. ಜಮೀನಿಲ್ಲದವನಿಗೆ, ಎಸ್ಸೆಸ್ಸೆಲ್ಸಿ ದಾಟದವನಿಗೆ ಈ ಕಡೆ ಸಿಗೋದು ಲೈಸೆನ್ಸು ಒಂದೇ. ಅದೂ ವರ್ಷಪೂರ್ತಿ ಕೆಲಸ ಅಲ್ಲ. ಹೊಗೆಸೊಪ್ಪಿನ ಹರಾಜು ಶುರುವಾದರೆ ಕಟ್ಟೆಮಳಲವಾಡಿ, ಚಿಲ್ಕುಂದ, ಕಂಪಲಾಪುರ, ಪಿರಿಯಾಪಟ್ಟಣ, ಎಚ್.ಡಿ. ಕೋಟೆ ಪ್ಲಾಟ್‌ಫಾರಂಗಳಲ್ಲಿ ಬೇಲು ಹೊರೋಕೆ ನಾಲ್ಕೈದು ತಿಂಗಳು ಲಾರಿ ಬೇಕು. ಆಮೇಲೆ ಶುಂಠಿ, ಮುಸುಕಿನ ಜೋಳ, ಹುಣಸೂರಿನ ಮರದ ಲೋಡು. ನಡುವೆ ಖಾಲಿ. ಹೀಗೆ ಎರಡು ತಿಂಗಳು ಒಬ್ಬನ ಲಾರಿ, ಮೂರು ತಿಂಗಳು ಇನ್ನೊಬ್ಬನ ಲಾರಿ ಹತ್ತೋನಿಗೆ 'ಆಕ್ಟಿಂಗ್ ಡ್ರೈವರ್' ಅಂತಾರೆ. ಆಕ್ಟಿಂಗ್ ಅಂದ್ರೆ ಸಿನಿಮಾ ಅಲ್ಲ ಕಣ್ರಪ್ಪ, ಬದಲಿ ಅಂತ.

ಈ ಬದಲಿ ಡ್ರೈವರಿಗೆ ಈಗ ಒಂದು ಹೊಸ ಹೆಸರು ಕೊಡ್ತಿದ್ದಾರೆ. "ನೀನು ನನ್ನ ಆಳಲ್ಲಪ್ಪ, ನೀನು ಸ್ವತಂತ್ರ. ಟ್ರಿಪ್ಪಿಗಿಷ್ಟು ಅಂತ ಕಂಟ್ರಾಕ್ಟು. ನಿನಗೂ ತೆರಿಗೆ ಉಳಿಯುತ್ತೆ, ನನಗೂ ರಗಳೆ ತಪ್ಪುತ್ತೆ." ಕೇಳೋಕೆ ಚೆನ್ನಾಗಿದೆ. ತಲೆತಲಾಂತರ ಆಳು ಅನ್ನಿಸಿಕೊಂಡೋರಿಗೆ ಸ್ವತಂತ್ರ ಅಂದರೆ ಯಾರಿಗೆ ಬೇಡ? ನನಗೂ ಬೇಕಿತ್ತು. ಹೂ ಅಂದೆ. ಅದರ ಕತೆ ಹೇಳ್ತೀನಿ.

ಒಂದು ಹೊಗೆಸೊಪ್ಪಿನ ಸೀಸನ್ನು. ಒಬ್ಬ ಮಾಲೀಕ, ಹೆಸರು ಬೇಡ. ಒಂದು ಕಾಗದ ಕೊಟ್ಟು "ಟಿಡಿಎಸ್ ಕಟ್ಟಾಗದ ಹಾಗೆ ಒಂದು ಸೈನು ಹಾಕು, ಪ್ಯಾನ್ ಕಾರ್ಡ್ ಜೆರಾಕ್ಸ್ ಕೊಡು" ಅಂದ. ಹಾಕಿದೆ. ಬಾಡಿಗೆ ದುಡ್ಡು ನನ್ನ ಖಾತೆಗೆ ಬರೋದು, ನಾನು ಬಿಡಿಸಿ ಅವನ ಕೈಗೆ ಕೊಡೋದು, ಅವನು ಅದರಲ್ಲಿ ನನ್ನ ಕೂಲಿ, ಬಾಟಾ ಎಣಿಸಿ ಕೊಡೋದು. ಸೀಸನ್ ಮುಗೀತು, ಮರೆತೆ. ಮುಂದೆ ಮಗಳು ಕಾಲೇಜಿಗೆ ಸೇರುವಾಗ ಬ್ಯಾಂಕಿಗೆ ಹೋದೆವು. ಸೈಬರ್ ಸೆಂಟರಿನ ಹುಡುಗ ಆದಾಯ ತೆರಿಗೆ ಪೋರ್ಟಲ್ ತೆಗೆದು "ಅಣ್ಣ, ನಿಮ್ಮ ಪ್ಯಾನ್ ಮೇಲೆ ಹನ್ನೊಂದು ಲಕ್ಷದ ಲಾರಿ ಬಾಡಿಗೆ ಇದೆಯಲ್ಲ" ಅಂದ. ನಾನು ಸೈನು ಹಾಕಿದ್ದ ಕಾಗದದಲ್ಲಿ ಏನಿತ್ತು ಗೊತ್ತಾ? 'ನಾನು ಹತ್ತಕ್ಕಿಂತ ಹೆಚ್ಚಿಲ್ಲದ ಸರಕು ವಾಹನಗಳ ಮಾಲೀಕ' ಅಂತ. ನನ್ನ ಹೆಸರಿನಲ್ಲಿ ಒಂದು ಸೈಕಲ್ಲೂ ಇರಲಿಲ್ಲ.

ಆ ಆದಾಯ ನನ್ನದಲ್ಲ ಅಂತ ಪೋರ್ಟಲ್ಲಿನಲ್ಲೇ ಬರೆದು ತಿಳಿಸೋಕೆ ಅವಕಾಶ ಇದೆ. ಬರೆದೆ. ಆದರೆ ಸೈನು ನನ್ನದೇ ಅಲ್ವಾ? ಅದನ್ನ ಯಾವ ಪೋರ್ಟಲ್ಲೂ ಅಳಿಸಲ್ಲ.

ಇದು ನಿಮ್ಮ ಹಾಸ್ಟೆಲ್ ಮಂಚದವರೆಗೂ ಬರೋ ಸಂಗತಿ. ಪರಿಶಿಷ್ಟ ಜಾತಿ ಮಕ್ಕಳ ಮೆಟ್ರಿಕ್ ನಂತರದ ಸ್ಕಾಲರ್‌ಶಿಪ್ಪಿಗೆ ತಂದೆ ತಾಯಿಯ ಆದಾಯದ ಮಿತಿ ವರ್ಷಕ್ಕೆ 2.5 ಲಕ್ಷ. 2024ರ ನವೆಂಬರಿನಲ್ಲಿ ರಾಜ್ಯದಲ್ಲೆಲ್ಲ ಬಿಪಿಎಲ್ ಕಾರ್ಡ್ ರದ್ದಾದ ಗಲಾಟೆ ಆಯ್ತಲ್ಲ, ಆಗಲೂ ಪ್ರಶ್ನೆ ಬಂದಿದ್ದು ಆದಾಯ ತೆರಿಗೆ ಕಟ್ಟೋರು ಯಾರು ಅಂತಲೇ. ಅಪ್ಪ ಓದದೆ ಹಾಕಿದ ಒಂದು ಸೈನು ಮಗಳ ಅರ್ಜಿಯ ಮೇಲೆ ಬಂದು ಕೂರಬಹುದು. ಅದಕ್ಕೇ ಇವತ್ತು ನಿಮ್ಮ ಹತ್ತಿರ ಬಂದಿದ್ದು.

ಈಗ ಮೂರು ಥರದ ಡ್ರೈವರ್ ಅಂತ ಮನಸ್ಸಿನಲ್ಲಿ ಇಟ್ಟುಕೊಳ್ಳಿ. ಒಬ್ಬ ಸಂಬಳದೋನು. ಒಬ್ಬ ಇನ್ನೊಬ್ಬರ ಲಾರಿಯನ್ನು ಟ್ರಿಪ್ ಲೆಕ್ಕದಲ್ಲಿ ಓಡಿಸೋನು. ಇನ್ನೊಬ್ಬ ತನ್ನದೇ ಲಾರಿ ಓಡಿಸೋನು, ಓನರ್ ಕಂ ಡ್ರೈವರ್ ಅಂತೀವಲ್ಲ ಅವನು. ಮೂವರ ತೆರಿಗೆ ಬೇರೆ, ಮೂವರ ಹಕ್ಕು ಬೇರೆ. ಮಾಲೀಕರು ಬೇಕಂತಲೇ ಈ ಮೂರನ್ನೂ ಕಲಸಿಬಿಡ್ತಾರೆ.

ಮೊದಲು ಮೂರನೆಯವನನ್ನ ನೋಡೋಣ. ಅವನ ಲೆಕ್ಕ ಸಲೀಸು. ಹತ್ತು ವಾಹನದವರೆಗೆ ಇರೋ ಮಾಲೀಕನಿಗೆ ಆದಾಯ ತೆರಿಗೆಯಲ್ಲಿ ಅಂದಾಜು ಲೆಕ್ಕದ ದಾರಿ ಇದೆ. 1961ರ ಕಾಯ್ದೆಗೆ 1994ರಲ್ಲಿ ಸೇರಿಸಿದ 44ಎಇ ಅನ್ನೋ ಕಲಮು ಅದು. 2026ರ ಏಪ್ರಿಲ್ 1ರಿಂದ ಹೊಸ ಆದಾಯ ತೆರಿಗೆ ಕಾಯ್ದೆ ಬಂದು ಕಲಮಿನ ನಂಬರು ಬದಲಾಗಿದೆ, ದಾರಿ ಉಳಿದಿದೆ. ಸಣ್ಣ ಗೂಡ್ಸ್ ಗಾಡಿಯಾದರೆ ತಿಂಗಳಿಗೆ 7,500 ರೂಪಾಯಿ ಆದಾಯ ಅಂತ ಹಿಡೀತಾರೆ. ಲೋಡು ಸೇರಿ ಒಟ್ಟು ತೂಕ 12 ಟನ್ ಮೀರಿದ ಲಾರಿಗೆ ಟನ್ನಿಗೆ 1,000 ರೂಪಾಯಿ. 16 ಟನ್ನಿನ ಲಾರಿ ಅಂದರೆ ತಿಂಗಳಿಗೆ 16,000, ವರ್ಷಕ್ಕೆ 1,92,000. ನಿಜವಾದ ಸಂಪಾದನೆ ಜಾಸ್ತಿ ಇದೆ ಅಂತ ನೀವೇ ಹೇಳಿದರೆ ಆ ಜಾಸ್ತಿಯೇ ಲೆಕ್ಕ. ಡೀಸೆಲ್ಲು, ಟೈರಿನ ಖರ್ಚು ಬೇರೆ ಕಳೆಯೋ ಹಾಗಿಲ್ಲ, ದೊಡ್ಡ ಲೆಕ್ಕದ ಪುಸ್ತಕ ಇಡೋ ಕಷ್ಟವೂ ಇಲ್ಲ. ಲಾರಿ ಓಡಲಿ, ಶೆಡ್ಡಿನಲ್ಲಿ ನಿಲ್ಲಲಿ, ನಿಮ್ಮ ಹೆಸರಿನಲ್ಲಿ ಇದ್ದ ತಿಂಗಳಷ್ಟೂ ಲೆಕ್ಕಕ್ಕೆ ಬರುತ್ತೆ. ಸಾಲದ ಕಂತಿನಲ್ಲಿದ್ದರೂ ನೀವೇ ಮಾಲೀಕ.

ಇಲ್ಲಿ ನಮ್ಮೋರಿಗೆ ಒಂದು ಎಚ್ಚರಿಕೆ. ಸ್ವಾವಲಂಬಿ ಸಾರಥಿ ಅಂತ ಯೋಜನೆ ಇದೆ. ಪರಿಶಿಷ್ಟ ಜಾತಿ, ಪಂಗಡದ ನಿರುದ್ಯೋಗಿಗಳಿಗೆ ವಾಹನದ ಬೆಲೆಯ ಶೇಕಡ 75, ಗರಿಷ್ಠ 4 ಲಕ್ಷ ಸಬ್ಸಿಡಿ. ಒಳ್ಳೇದು, ಅರ್ಜಿ ಹಾಕಿ. ಆದರೆ ಯಾರಾದರೂ ಬಂದು "ಸಬ್ಸಿಡಿ ನಿನ್ನ ಹೆಸರಲ್ಲಿ ಎತ್ತೋಣ, ಗಾಡಿ ನಾನು ಓಡಿಸ್ಕೋತೀನಿ, ನಿನಗೆ ಐದೋ ಹತ್ತೋ ಸಾವಿರ ಕೊಡ್ತೀನಿ" ಅಂದರೆ ಹೂ ಅನ್ನಬೇಡಿ. ಆರ್.ಸಿ. ನಿಮ್ಮದು, ಬ್ಯಾಂಕಿನ ಸಾಲ ನಿಮ್ಮದು, ರಸ್ತೆ ತೆರಿಗೆ ನಿಮ್ಮದು, ಅಪಘಾತವಾದರೆ ಕೋರ್ಟಿನ ನೋಟೀಸು ನಿಮ್ಮದು. ಬಾಡಿಗೆ ಮಾತ್ರ ಅವನದು. ಜಾತಿ ಸರ್ಟಿಫಿಕೇಟನ್ನೂ ಬಾಡಿಗೆಗೆ ಕೊಟ್ಟ ಹಾಗಾಯ್ತು.

ಇನ್ನು ಎರಡನೆಯವನು, ಟ್ರಿಪ್ ಡ್ರೈವರ್. ನಮ್ಮೋರು ಹೆಚ್ಚು ಇರೋದು ಇಲ್ಲೇ. ಇವನ ಹೆಸರಿನಲ್ಲಿ ಲಾರಿ ಇಲ್ಲ, ಹಾಗಾಗಿ ಟನ್ನಿನ ಲೆಕ್ಕ ಇವನಿಗೆ ಸಲ್ಲದು. ನಿಜವಾಗಿಯೂ ಸ್ವಂತ ವ್ಯವಹಾರ ಅಂತಾದರೆ ಸಣ್ಣ ವ್ಯಾಪಾರದ ಅಂದಾಜು ಲೆಕ್ಕ ಹಿಡಿಯಬಹುದು. ಬ್ಯಾಂಕು, ಫೋನ್ ಪೇ ಮೂಲಕ ಬಂದ ಹಣದಲ್ಲಿ ಕಡೇಪಕ್ಷ ಶೇಕಡ 6, ನಗದಿನಲ್ಲಿ ಬಂದದ್ದರಲ್ಲಿ ಕಡೇಪಕ್ಷ ಶೇಕಡ 8 ಆದಾಯ. ಕೂಲಿಯೇ ನಮ್ಮ ಆದಾಯ, ಖರ್ಚು ಕಮ್ಮಿ, ಆದ್ದರಿಂದ ಕೈಗೆ ಉಳಿದದ್ದನ್ನು ಇದ್ದ ಹಾಗೆ ತೋರಿಸೋದೇ ನೆಟ್ಟಗಿನ ದಾರಿ.

ಅಷ್ಟಕ್ಕೂ ಮಾಲೀಕ 'ತೆರಿಗೆ ಉಳಿಯುತ್ತೆ' ಅಂದನಲ್ಲ, ಎಷ್ಟು ಉಳಿಯುತ್ತೆ? ಬನ್ನಿ, ಇಲ್ಲೇ ಲೆಕ್ಕ ಹಾಕೋಣ. ಡ್ರೈವರ್ ತಿಂಗಳಿಗೆ 20,000 ದುಡಿದ ಅಂತಿಟ್ಟುಕೊಳ್ಳಿ. ವರ್ಷಪೂರ್ತಿ ಕೆಲಸ ಸಿಕ್ಕರೂ 2,40,000. ಹೊಸ ತೆರಿಗೆ ಪದ್ಧತಿಯಲ್ಲಿ 2025ರ ಏಪ್ರಿಲಿನಿಂದ 4 ಲಕ್ಷದವರೆಗೆ ತೆರಿಗೆಯೇ ಇಲ್ಲ. ಕೂಲಿ, ಸಂಬಳ, ಬಾಡಿಗೆಯಂಥ ಆದಾಯ 12 ಲಕ್ಷ ಮುಟ್ಟಿದರೂ ರಿಯಾಯ್ತಿ ಕಳೆದು ಕಟ್ಟಬೇಕಾದ್ದು ಸೊನ್ನೆ. ಸಂಬಳದೋನಿಗಾದರೆ ಅದರ ಮೇಲೆ ಇನ್ನೂ 75,000 ವಿನಾಯಿತಿ. ಅಂದರೆ ಸಂಬಳ ಅಂತ ಬರೆದರೂ ನಮ್ಮ ತೆರಿಗೆ ಸೊನ್ನೆ, ಕಂಟ್ರಾಕ್ಟು ಅಂತ ಬರೆದರೂ ಸೊನ್ನೆ. ಸೊನ್ನೆಯಲ್ಲಿ ಸೊನ್ನೆ ಕಳೆದರೆ ಎಷ್ಟು? ಅಷ್ಟು ಉಳಿಸೋಕೆ ನಾವು ಏನು ಬಿಟ್ಟುಕೊಡ್ತೀವಿ ನೋಡಿ.

ಕೆಲಸಗಾರ ಅನ್ನಿಸಿಕೊಂಡರೆ ಅಪಘಾತದಲ್ಲಿ ಸತ್ತರೆ, ಕೈಕಾಲು ಹೋದರೆ ಪರಿಹಾರ ಹಕ್ಕು. 1923ರಿಂದ ಈ ದೇಶದಲ್ಲಿ ಅದಕ್ಕೆ ಕಾನೂನಿದೆ, ಈಗ ಸಾಮಾಜಿಕ ಭದ್ರತಾ ಸಂಹಿತೆಯೊಳಗೆ ಸೇರಿದೆ. ಲಾರಿಯ ಇನ್ಶೂರೆನ್ಸ್ ಕೂಡ ಮಾಲೀಕ ನೇಮಿಸಿಕೊಂಡ ಡ್ರೈವರಿನ ಆ ಪರಿಹಾರದ ಹೊಣೆಯನ್ನ ಹೊರಬೇಕು ಅಂತ ಮೋಟಾರು ವಾಹನ ಕಾಯ್ದೆ ಹೇಳುತ್ತೆ. ಹತ್ತು ಜನ ಇರೋ ಕಡೆ ಇ.ಎಸ್.ಐ., ಇಪ್ಪತ್ತು ಜನ ಇರೋ ಕಡೆ ಪಿ.ಎಫ್. ಸಂಬಳ ಸಮಯಕ್ಕೆ ಕೊಡಬೇಕು. 'ಸ್ವತಂತ್ರ' ಅಂತ ಬರೆದುಕೊಟ್ಟ ದಿನ ಮಾಲೀಕ ಇಷ್ಟನ್ನೂ ಕೈಬಿಡಿಸಿಕೊಂಡ. ಘಾಟಿಯಲ್ಲಿ ಬ್ರೇಕ್ ಹೋದರೆ "ಅವನು ನನ್ನ ನೌಕರನಲ್ಲ ಸ್ವಾಮಿ, ಕಂಟ್ರಾಕ್ಟರ್" ಅಂತ ಕಾಗದ ತೋರಿಸ್ತಾನೆ. ಆ ಕಾಗದದ ಕೆಳಗೆ ನಮ್ಮ ಹೆಬ್ಬೆಟ್ಟು.

ಈ ಆಟ ನಮ್ಮ ಹುಣಸೂರಿನದು ಮಾತ್ರ ಅಂದ್ಕೋಬೇಡಿ. ಇಂಗ್ಲೆಂಡಿನಲ್ಲೂ ಲಾರಿ ಡ್ರೈವರುಗಳ ಕೈಲಿ ಅವರದೇ ಹೆಸರಿನ ಒಂದು ಪುಟ್ಟ ಕಂಪನಿ ಮಾಡಿಸಿ, ಆ ಕಂಪನಿಗೆ ದುಡ್ಡು ಕೊಡೋ ಪದ್ಧತಿ ಬೆಳೆದಿತ್ತು. ಹೊರಗೆ ಕಂಪನಿ, ಒಳಗೆ ಅದೇ ಡ್ರೈವರ್. ಅಲ್ಲಿನ ಸರ್ಕಾರ 2000ದಲ್ಲೇ ಅದಕ್ಕೊಂದು ನಿಯಮ ತಂದಿತು. 2021ರ ಏಪ್ರಿಲಿನಿಂದ, ಅವನು ನೌಕರನ ಥರ ದುಡೀತಿದ್ದಾನೋ ಇಲ್ಲವೋ ಅಂತ ತೀರ್ಮಾನಿಸೋ ಹೊಣೆಯನ್ನ ಕೆಲಸ ಕೊಡೋ ದೊಡ್ಡ ಮತ್ತು ಮಧ್ಯಮ ಖಾಸಗಿ ಕಂಪನಿಗಳ ಮೇಲೇ ಹಾಕಿತು. ನಮ್ಮ ಸುಪ್ರೀಂ ಕೋರ್ಟೂ 1978ರಲ್ಲಿ ಕಲ್ಲಿಕೋಟೆಯ ಒಂದು ಹಗ್ಗದ ಕಾರ್ಖಾನೆಯ ಕೇಸಿನಲ್ಲಿ ಇದನ್ನೇ ನೋಡಿತು. ಕೆಲಸಗಾರರನ್ನ ಕರೆತಂದವನು ಕಂಟ್ರಾಕ್ಟರ್, ಅವರು ನಮ್ಮೋರಲ್ಲ ಅಂದ ಕಾರ್ಖಾನೆ ಮಾಲೀಕ. ಅದನ್ನ ನ್ಯಾಯಮೂರ್ತಿ ಕೃಷ್ಣ ಅಯ್ಯರ್ ಒಪ್ಪಲಿಲ್ಲ. ಕಾಗದದ ಮುಸುಕು ತೆಗೆದು ನೋಡಿ, ದುಡಿಮೆ ಯಾರ ವ್ಯಾಪಾರಕ್ಕೆ ಸೇರುತ್ತೋ ಅವನೇ ಯಜಮಾನ ಅಂತ ತೀರ್ಪು ಬಂತು.

ಆದ್ದರಿಂದ ಡ್ರೈವರ್ ತನ್ನನ್ನು ತಾನೇ ನಾಲ್ಕು ಪ್ರಶ್ನೆ ಕೇಳಿಕೊಳ್ಳಲಿ. ಲಾರಿ ಯಾರದು? ಯಾವಾಗ ಹೊರಡಬೇಕು, ಯಾವ ದಾರಿ ಅಂತ ಹೇಳೋರು ಯಾರು? ನನಗೆ ಹುಷಾರಿಲ್ಲದಿದ್ರೆ ನನ್ನ ಬದಲು ನಾನೇ ಇನ್ನೊಬ್ಬನನ್ನ ಕಳಿಸೋಕಾಗುತ್ತಾ? ಬಾಡಿಗೆ ಎಷ್ಟು ಅಂತ ಚೌಕಾಸಿ ಮಾಡೋನು ನಾನಾ? ನಾಲ್ಕಕ್ಕೂ ಉತ್ತರ ಮಾಲೀಕನ ಕಡೆಗೇ ಹೋದರೆ, ಎರಡೇ ತಿಂಗಳು ಓಡಿಸಿದರೂ ನೀವು ಕೆಲಸಗಾರ. ಕಾಗದದಲ್ಲಿ ಏನೇ ಇರಲಿ.

ಇನ್ನು ಮುರಿತದ ಮಾತು. "ಟ್ಯಾಕ್ಸ್ ಹಿಡ್ಕೊಂಡಿದೀನಿ" ಅಂತ ಟ್ರಿಪ್ಪಿಗೆ ನೂರಿನ್ನೂರು ಮುರಿಯೋ ಮಾಲೀಕರಿದ್ದಾರೆ. ಕಂಟ್ರಾಕ್ಟಿನಲ್ಲಿ ದುಡಿಯೋ ಒಬ್ಬ ವ್ಯಕ್ತಿಗೆ ಹಿಡಿಯೋ ಟಿಡಿಎಸ್ ಶೇಕಡ 1. ಅದೂ ಒಂದು ಬಿಲ್ಲು 30,000 ದಾಟಿದಾಗ, ಇಲ್ಲವೇ ವರ್ಷದ ಮೊತ್ತ ಒಂದು ಲಕ್ಷ ದಾಟಿದಾಗ. ಹಿಂದಿನ ವರ್ಷ ವ್ಯಾಪಾರ ಒಂದು ಕೋಟಿ ಮೀರದ, ಸ್ವಂತ ಹೆಸರಿನಲ್ಲೇ ಲಾರಿ ನಡೆಸೋ ಸಣ್ಣ ಮಾಲೀಕ ಟಿಡಿಎಸ್ ಹಿಡಿಯಬೇಕಾಗೇ ಇಲ್ಲ. ಒಂದು ಲಾರಿ ಇಟ್ಕೊಂಡೋನು ಟಿಡಿಎಸ್ ಅಂದರೆ ಆ ದುಡ್ಡು ಅವನ ಜೇಬಿನಲ್ಲೇ ಇದೆ ಅಂತ ಅರ್ಥ. ನಿಜವಾಗಿ ಹಿಡಿದಿದ್ದರೆ ಸರ್ಟಿಫಿಕೇಟು ಕೇಳಿ, ಪೋರ್ಟಲ್ಲಿನಲ್ಲಿ ನಿಮ್ಮ ಪ್ಯಾನಿಗೆ ಜಮಾ ಆಗಿದೆಯಾ ನೋಡಿ. ಆಗಿದ್ದರೆ ರಿಟರ್ನ್ ಹಾಕಿ ವಾಪಸ್ ಪಡೀಬಹುದು. ಪ್ಯಾನ್ ಕೊಡದಿದ್ದರೆ ಶೇಕಡ 20 ಹೋಗುತ್ತೆ. ಅದಕ್ಕೆ ಪ್ಯಾನ್ ಕೊಡಿ, ಕೊಟ್ಟ ಜೆರಾಕ್ಸಿನ ಮೇಲೆ ಯಾರಿಗೆ, ಯಾತಕ್ಕೆ, ಯಾವ ತಾರೀಖು ಅಂತ ಅಡ್ಡಲಾಗಿ ಬರೆದು ಕೊಡಿ. ಲಾರಿ ಮಾಲೀಕ ಅನ್ನೋ ಕಾಗದಕ್ಕೆ ಮಾತ್ರ ಸೈನು ಬೇಡ. ವೃತ್ತಿ ತೆರಿಗೆ ಅಂತ ಇನ್ನೂರು ಮುರಿದರೆ, ಈ ರಾಜ್ಯದಲ್ಲಿ 2023ರಿಂದ ತಿಂಗಳ ಸಂಬಳ 25,000 ಮುಟ್ಟದವರಿಗೆ ಅದಿಲ್ಲ ಅಂತ ಹೇಳಿ. ರಸ್ತೆ ತೆರಿಗೆ, ಪರ್ಮಿಟ್ಟು, ಎಫ್.ಸಿ. ಎಲ್ಲ ಆರ್.ಸಿ. ಇಟ್ಕೊಂಡೋನ ತಲೆನೋವು, ಡ್ರೈವರಿನದಲ್ಲ.

ದುಡ್ಡು ಕೈಗೆ ಬರೋ ದಾರಿಯಲ್ಲೂ ಎಚ್ಚರ ಬೇಕು. ನಗದು ಕೊಟ್ಟರೆ ಸಾಕ್ಷಿ ಇಲ್ಲ. ಬ್ಯಾಂಕಿಗೋ ಫೋನ್ ಪೇಗೋ ಹಾಕಿಸಿಕೊಂಡರೆ ಸಾಕ್ಷಿ ಉಳಿಯುತ್ತೆ, ನಾಳೆ ಲೇಬರ್ ಆಫೀಸಿನಲ್ಲಿ ಅದೇ ನಿಮ್ಮ ಪರ ಮಾತಾಡೋದು. ಆದರೆ ಡೀಸೆಲ್ಲು, ಟೋಲು, ಹಮಾಲಿ ದುಡ್ಡನ್ನೆಲ್ಲ ನಿಮ್ಮ ಫೋನಿಗೇ ಹಾಕಿ ಖರ್ಚು ಮಾಡಿಸ್ತಾರೆ. ವರ್ಷದ ಕೊನೆಗೆ ನಿಮ್ಮ ಖಾತೆಯಲ್ಲಿ ಲಕ್ಷಗಟ್ಟಲೆ ಹರಿದಿರುತ್ತೆ. 2025ರ ಜುಲೈನಲ್ಲಿ ಬೆಂಗಳೂರಿನ ಬೇಕರಿ, ತರಕಾರಿ ಅಂಗಡಿಯೋರಿಗೆ ಯುಪಿಐ ಲೆಕ್ಕ ನೋಡಿ ಜಿ.ಎಸ್.ಟಿ. ನೋಟೀಸು ಬಂದದ್ದು ನೆನಪಿದೆಯಲ್ಲ. ಸೇವೆಯ ವ್ಯವಹಾರ ವರ್ಷಕ್ಕೆ 20 ಲಕ್ಷದ ಒಳಗಿದ್ದರೆ ಜಿ.ಎಸ್.ಟಿ. ನೋಂದಣಿ ಬೇಡ. ನಿಮ್ಮ ಕೂಲಿ ಆ ಗೆರೆ ಮುಟ್ಟೋದೇ ಇಲ್ಲ. ಆದರೆ ಮಾಲೀಕನ ಡೀಸೆಲ್ ದುಡ್ಡು ಮುಟ್ಟಿಸಿಬಿಡಬಹುದು. ಫಾಸ್ಟ್ಯಾಗು ಮಾಲೀಕನ ಖಾತೆಗೇ ಇರಲಿ, ಡೀಸೆಲ್ಲಿಗೆ ಬಂಕಿನವನಿಗೆ ಮಾಲೀಕನೇ ನೇರ ಹಾಕಲಿ. ಆಗದಿದ್ದರೆ ಪ್ರತಿ ಸಲವೂ ಚೀಟಿ ಇಟ್ಕೊಳ್ಳಿ, ಕೂಲಿಗೆ ಬೇರೆ ಖಾತೆ ಮಾಡಿ.

ಟ್ರಿಪ್ ಒಪ್ಪೋ ಮುಂಚೆ ಕಾಯೋ ದಿನದ ಮಾತೂ ಆಗಲಿ. ಎಚ್.ಡಿ. ಕೋಟೆ ಮೇಲೆ ಮಾನಂದವಾಡಿಗೆ ಹೋಗೋ ಕಾಡಿನ ರಸ್ತೆ ರಾತ್ರಿ ಮುಚ್ಚುತ್ತೆ. ಬಾವಲಿ ಗೇಟಿಗೆ ತಡವಾಗಿ ಹೋದರೆ ಬೆಳಗಿನ ತನಕ ಲಾರಿಯಲ್ಲೇ ಮಲಗಬೇಕು. ಅದು ಕೆಲಸ ಅಲ್ವಾ? ಹಾಲ್ಟಿಂಗಿಗೆ ಎಷ್ಟು ಅಂತ ಮೊದಲೇ ವಾಟ್ಸಾಪಿನಲ್ಲಿ ಒಂದು ಸಾಲು ಬರೆಸಿಕೊಳ್ಳಿ. ಆ ಒಂದು ಸಾಲೇ ಕರಾರು ಪತ್ರ.

ಸಂಬಳ ಯಾವಾಗ ಕೊಡಬೇಕು ಅನ್ನೋದಕ್ಕೂ ಕಾನೂನಿದೆ. 2019ರ ವೇತನ ಸಂಹಿತೆ 2025ರ ನವೆಂಬರ್ 21ರಿಂದ ಜಾರಿಯಲ್ಲಿದೆ. ದಿನಗೂಲಿಯಾದರೆ ಅವತ್ತಿನ ಪಾಳಿ ಮುಗಿದಾಗ. ತಿಂಗಳ ಸಂಬಳವಾದರೆ ಮುಂದಿನ ತಿಂಗಳ 7ನೇ ತಾರೀಖಿನ ಒಳಗೆ. ಕೆಲಸ ಬಿಟ್ಟರೆ, ಬಿಡಿಸಿದರೆ ಎರಡು ಕೆಲಸದ ದಿನದೊಳಗೆ ಬಾಕಿ ಚುಕ್ತಾ. ಲೋಡು ಒದ್ದೆಯಾಯ್ತು, ಕನ್ನಡಿ ಒಡೀತು ಅಂತ ಮುರಿಯಬೇಕಾದರೆ ಅದು ನಿಮ್ಮ ಅಲಕ್ಷ್ಯದಿಂದಲೇ ಆಗಿರಬೇಕು, ನಿಮ್ಮ ಮಾತನ್ನ ಮೊದಲು ಕೇಳಬೇಕು. ಎಲ್ಲ ಮುರಿತ ಸೇರಿ ಸಂಬಳದ ಅರ್ಧ ದಾಟುವಂತಿಲ್ಲ.

ಕೊನೇದು ಮುಂಗಡ. ಹಬ್ಬಕ್ಕೋ ಮದುವೆಗೋ ಮಾಲೀಕ 30,000 ಕೊಡ್ತಾನೆ. "ಇದು ತೀರೋ ತನಕ ಬೇರೆ ಲಾರಿ ಹತ್ತಬೇಡ" ಅಂತಾನೆ, ಲೈಸೆನ್ಸು ಇಸ್ಕೊಂಡು ಬೀರುವಿನಲ್ಲಿ ಇಡ್ತಾನೆ. ಇದರ ಹೆಸರು ನಮ್ಮ ತಾತನಿಗೆ ಚೆನ್ನಾಗಿ ಗೊತ್ತಿತ್ತು. ಸಾಲಕ್ಕೆ ಬದಲಾಗಿ ಬೇರೆ ಕಡೆ ದುಡಿಯೋ ಸ್ವಾತಂತ್ರ್ಯ ಕಿತ್ಕೊಂಡರೆ ಅದು 1976ರ ಕಾಯ್ದೆಯ ಪ್ರಕಾರ ಜೀತ. ಆ ಸಾಲ ಕಾನೂನಿನ ಕಣ್ಣಲ್ಲಿ ಸತ್ತ ಸಾಲ. ಕುದುರೆ ಗಾಡಿ ಹೋಗಿ ಹತ್ತು ಚಕ್ರದ ಲಾರಿ ಬಂದರೂ ಜೀತ ಜೀತವೇ. ಹುಣಸೂರಿನ ಉಪವಿಭಾಗಾಧಿಕಾರಿ ಕಚೇರಿಗೆ ಬರೆದು ಕೊಡಬಹುದು.

ಗೆಳೆಯರೆ, ಬಾಬಾಸಾಹೇಬರು ಸಂವಿಧಾನ ಬರೆದದ್ದು ಎಲ್ಲರಿಗೂ ಗೊತ್ತು. ಅದಕ್ಕೂ ಮೊದಲು, 1925ರಲ್ಲಿ, ಅವರು ಬ್ರಿಟಿಷ್ ಇಂಡಿಯಾದ ಪ್ರಾಂತ್ಯಗಳ ಹಣಕಾಸಿನ ಬಗ್ಗೆಯೇ ಒಂದು ದಪ್ಪ ಪುಸ್ತಕ ಪ್ರಕಟಿಸಿದ್ದರು. ತೆರಿಗೆ ಯಾರಿಂದ ಬರುತ್ತೆ, ಎಲ್ಲಿಗೆ ಹೋಗುತ್ತೆ ಅಂತ ಕೂತು ಲೆಕ್ಕ ಹಾಕಿದ ಮನುಷ್ಯ ಅವರು. ಲೆಕ್ಕ ನಮ್ಮದಲ್ಲ ಅಂತ ಆಕಳಿಸೋ ಹಕ್ಕು ಅವರ ಮಕ್ಕಳಿಗೆ ಇಲ್ಲ. ತೆರಿಗೆ ಕಟ್ಟಬೇಕಾದರೆ ಕಟ್ಟೋಣ, ಹಾಸ್ಟೆಲ್ಲು ನಡೆಯೋದೇ ಅದರಿಂದ. ಕಟ್ಟಬೇಕಿಲ್ಲದ ತೆರಿಗೆಯ ಹೆಸರು ಹೇಳಿ ನಮ್ಮ ಕೂಲಿ ತಿನ್ನೋದು ಬೇರೆ ಮಾತು.

ನಿಮಗೆ ಒಂದೇ ಒಂದು ಕೆಲಸ ಹೇಳ್ತೀನಿ. ಮುಂದಿನ ಸಲ ಊರಿಗೆ ಹೋದಾಗ ಇಪ್ಪತ್ತು ರೂಪಾಯಿಯ ಒಂದು ನೋಟ್ ಬುಕ್ಕು ತಗೊಂಡು ಹೋಗಿ. ಅಪ್ಪನ ಹತ್ತಿರ, ಅಣ್ಣನ ಹತ್ತಿರ ಕೂತು ಬರೆಯಿರಿ: ತಾರೀಖು, ಲಾರಿ ನಂಬರು, ಎಲ್ಲಿಂದ ಎಲ್ಲಿಗೆ, ಕೂಲಿ ಎಷ್ಟು, ಬಾಟಾ ಎಷ್ಟು, ಡೀಸೆಲ್ಲಿಗೆ ಕೊಟ್ಟದ್ದು ಎಷ್ಟು, ಮುರಿದದ್ದು ಎಷ್ಟು, ಯಾತಕ್ಕೆ. ಪ್ಯಾನಿನ ಲೆಕ್ಕ ಒಂದು ಸಲ ತೆಗೆದು ನೋಡಿ. ಇ-ಶ್ರಮ್ ಕಾರ್ಡು ಇಲ್ಲದಿದ್ದರೆ ಮಾಡಿಸಿ. ಸಾರಿಗೆ ಕಾರ್ಮಿಕರಿಗಾಗಿ ರಾಜ್ಯದಲ್ಲಿ 2024ರಲ್ಲಿ ಕಾಯ್ದೆ ಆಗಿದೆ, ಕಲ್ಯಾಣ ಮಂಡಳಿ ಇದೆ, ಲೇಬರ್ ಆಫೀಸಿಗೆ ಹೋಗಿ ಅಲ್ಲಿ ಹೆಸರು ಬರೆಸಿ. ಅಪ್ಪ "ನಿನಗ್ಯಾಕೋ ಇದೆಲ್ಲ, ಓದ್ಕೋ ಹೋಗು" ಅಂತಾರೆ. ಅಂದರೆ ಅನ್ನಲಿ. "ಓದಿದ್ದು ಇದಕ್ಕೇ ಕಣಪ್ಪ" ಅನ್ನಿ.

ಆ ಪುಸ್ತಕ ಒಂದು ಸಲ ನಮ್ಮ ಮನೆಗೆ ಬರಲಿ. ಬಂದ ಮೇಲೆ ಯಾರ ಜಗುಲಿಯ ಮುಂದೆಯೂ ನಾವು ಕೈಕಟ್ಟಿ ನಿಲ್ಲಬೇಕಾಗಿಲ್ಲ.

ಜೈ ಭೀಮ್.